ಸುಟ್ಟ ಮೋಟಾರಿನ ರೀಲ್

ತಿಂಗಳ ಮೊದಲ ವಾರ ನಾನು ಏಳು ಅಂಗಡಿ ಸುತ್ತಿ ದುಡ್ಡು ವಸೂಲಿ ಮಾಡಬೇಕು. ಏಳೂ ಕಡೆ ಮೊದಲು ಚಹಾ ಬರುತ್ತದೆ, ಆಮೇಲೆ ಒಂದೇ ಪ್ರಶ್ನೆ: "ಈ ಸಲ ಎಷ್ಟು ವ್ಯೂಸ್ ಬಂದಾವ್ರಿ ಮೇಡಂ?" ದುಡ್ಡಿನ ಮಾತು ಅದಾದ ಮೇಲೆ.

ಕಲಬುರಗಿಯ ಸಣ್ಣ ಅಂಗಡಿಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ನೋಡಿಕೊಳ್ಳುವುದು ನನ್ನ ಕೆಲಸ. ಆಫೀಸು ಅಂತೇನಿಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಅಣ್ಣನ ಝೆರಾಕ್ಸ್ ಅಂಗಡಿ ಇದೆ. ಅದರ ಒಳಮೂಲೆಯಲ್ಲಿ ನನ್ನದೊಂದು ಟೇಬಲ್ಲು, ಒಂದು ರಿಂಗ್ ಲೈಟು. ಇದಕ್ಕೆ ಮೊದಲು ಒಂಬತ್ತು ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಒತ್ತಿದ್ದೇನೆ. ಹುಟ್ಟುಹಬ್ಬದ ಫ್ಲೆಕ್ಸ್ ಅಂದರೆ ಮೇಲೆ ಒಂದು ದೊಡ್ಡ ಮುಖ, ಕೆಳಗೆ ಸಾಲಾಗಿ ಇಪ್ಪತ್ತು ಸಣ್ಣ ಮುಖ. ಯಾರ ಮುಖ ಸಣ್ಣದಾಯಿತೋ ಅವರು ಸಂಜೆ ಜಗಳಕ್ಕೆ ಹಾಜರು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಯಿತು. ಆದರೂ ನಮ್ಮ ಅಂಗಡಿಗೆ ಕೆಲಸ ಕಡಿಮೆಯಾಗಲಿಲ್ಲ, ಅದು ಬೇರೆ ಕಥೆ. ಅಂಗಡಿಗೆ ಬೀಗ ಬಿದ್ದದ್ದು 2020ರ ಲಾಕ್‌ಡೌನಿನಲ್ಲಿ. ಆ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ಬಂದ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂನವರು ರೀಲ್ಸ್ ತಂದರು. ಮನೆಯಲ್ಲಿ ಸುಮ್ನೆ ಕೂತು ಅತ್ತಿಗೆಯ ಶೇಂಗಾ ಹಿಂಡಿ, ಕಟಕ್ ರೊಟ್ಟಿಯ ವಿಡಿಯೊ ಮಾಡಿ ಹಾಕಿದೆ. ಶುರುವಾದದ್ದು ಹಾಗೆ.

ಮೊದಲ ಪೆಟ್ಟು ಬಿದ್ದದ್ದು ಅಕ್ಷರದಿಂದ. ಫ್ಲೆಕ್ಸಿಗೆ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ. ಅದನ್ನೇ ಕಾಪಿ ಮಾಡಿ ಪೋಸ್ಟಿನ ಕೆಳಗೆ ಹಾಕಿದರೆ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದ ಹಾಗೆ ಏನೇನೋ ಬಂತು. ಹಳೆಯ ನುಡಿ ಫಾಂಟು ಕಾಗದಕ್ಕೆ ಸರಿ, ಫೋನಿಗೆ ಎಲ್ಲಾ ಕಡೆ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರವೇ ಬೇಕು. ಇವತ್ತಿಗೂ ಊರಿನ ಎಷ್ಟೋ ಅಂಗಡಿಯವರು ಕನ್ನಡವನ್ನು ಚಿತ್ರದ ಒಳಗೆ ಮಾತ್ರ ಹಾಕುತ್ತಾರೆ, ಕೆಳಗೆ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹುಡುಕುವವನಿಗೆ ಆ ಅಂಗಡಿ ಹೇಗೆ ಸಿಗಬೇಕು? ಇನ್ನೊಂದು ವಿಷಯ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಕಲಬುರಗಿ ಆಯಿತು. ಆದರೆ ಹುಡುಕುವವರಲ್ಲಿ ಈಗಲೂ ಗುಲ್ಬರ್ಗಾ ಅನ್ನುವವರಿದ್ದಾರೆ. ನಾನು ಎರಡೂ ಬರೆಯುತ್ತೇನೆ. ಒಬ್ಬರು ಇದಕ್ಕೆ ಕಮೆಂಟಿನಲ್ಲಿ ಬೈದರು. ಬೈಸಿಕೊಂಡೆ, ಅಳಿಸಲಿಲ್ಲ.

ಎರಡನೆಯ ಪೆಟ್ಟು ನನ್ನದೇ ತಪ್ಪು. ಅತ್ತಿಗೆಯ ರೊಟ್ಟಿ ರೀಲಿಗೆ ಎರಡು ಸಾವಿರ ಕೊಟ್ಟು ಬೂಸ್ಟ್ ಮಾಡಿದೆ, ಅಂದರೆ ಜಾಹೀರಾತಿನ ಹಾಗೆ ಹೆಚ್ಚು ಜನರಿಗೆ ತೋರಿಸಿದೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಎರಡು ದಿನದಲ್ಲಿ ಲೈಕುಗಳ ಸುರಿಮಳೆ. ಅತ್ತಿಗೆ ಖುಷಿಯಾಗಿ ಎರಡು ಸೇರು ಜೋಳ ಜಾಸ್ತಿ ಬೀಸಿಸಿದರು. ಫೋನ್ ಮಾತ್ರ ಬರಲೇ ಇಲ್ಲ. ತೆಗೆದು ನೋಡಿದರೆ ಸ್ಥಳದ ಜಾಗದಲ್ಲಿ 'ಭಾರತ' ಅಂತ ಬಿಟ್ಟಿದ್ದೆ. ರೊಟ್ಟಿ ನೋಡಿದವರೆಲ್ಲ ಉತ್ತರ ಪ್ರದೇಶ, ಬಿಹಾರದವರು. ಬ್ರಹ್ಮಪುರ ಬಡಾವಣೆಯ ರೊಟ್ಟಿ ಪಟ್ನಾಕ್ಕೆ ಯಾರು ತರಿಸುತ್ತಾರೆ? ಈಗ ಅಂಗಡಿಯ ಸುತ್ತ ಹತ್ತು ಹದಿನೈದು ಕಿಲೋಮೀಟರ್ ಗೆರೆ ಹಾಕದೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ನಂಬರ್ ಸಣ್ಣದಾಗುತ್ತದೆ. ಅದಕ್ಕೇ ಮಾಲಕರ ಮುಖವೂ ಸಣ್ಣದಾಗುತ್ತದೆ.

ದೊಡ್ಡ ನಂಬರ್ ಬೇಕು ಅಂದವರೊಬ್ಬರು ಇದ್ದರು, ಹೋಟೆಲ್ ಮಾಲಕರು. ನನ್ನ ಮಾತು ಕೇಳದೆ ಫುಡ್ ವ್ಲಾಗರ್ ಒಬ್ಬನಿಗೆ ಎಂಟು ಸಾವಿರ ಕೊಟ್ಟರು. ಅವನು ತಹರಿ (ಮಸಾಲೆ ಅನ್ನ) ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಎರಡು ಲಕ್ಷ ವ್ಯೂಸ್ ಬಂತು. ಎರಡು ಭಾನುವಾರ ಜನ ಬಾಗಿಲ ಹೊರಗೆ ನಿಂತರು, ತಹರಿ ಮಧ್ಯಾಹ್ನಕ್ಕೇ ಖಾಲಿ. ಸಿಗದೆ ಹೋದವರು ಗೂಗಲ್‌ನಲ್ಲಿ ಒಂದೊಂದು ಸ್ಟಾರ್ ಕೊಟ್ಟು ಹೋದರು. ಮೂರನೆಯ ಭಾನುವಾರ ಹಳೆಯ ಗಿರಾಕಿಗಳೂ ಕಾಣಲಿಲ್ಲ. ದುಡ್ಡು ತೆಗೆದುಕೊಂಡು ಹೊಗಳುವವರು ಅದು ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಬೇಕು, 2023ರ ಜನವರಿಯಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತಿಳಿಸಿದೆ. ಆ ರೀಲಿನಲ್ಲಿ ಎಲ್ಲೂ ಇರಲಿಲ್ಲ. ಕೇಳಿದರೆ, "ಹಂಗ ಹಾಕಿದ್ರ ಯಾರ್ ನೋಡ್ತಾರ್ರಿ ಅಕ್ಕಾ" ಅಂದ.

ಈಗ ಮೋಟಾರ್ ಚಾಚಾನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅವರಿಂದ.

ಹುಮನಾಬಾದ್ ರಸ್ತೆ ಕಡೆ ಅವರದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಹತ್ತಡಿ ಅಗಲ ಇದ್ದೀತು. ವಾರ್ನಿಶಿನ ವಾಸನೆ, ನೆಲದ ತುಂಬಾ ಹಳೆಯ ತಾಮ್ರದ ತಂತಿ. ಅವರ ಮಗ ಒತ್ತಾಯಕ್ಕೆ ನನ್ನನ್ನು ಕರೆದದ್ದು. ಚಾಚಾ ಮೊದಲ ದಿನವೇ ಹೇಳಿದರು, "ಬೇಟಿ, ಇದರಾಗ ತೋರ್ಸಲಿಕ್ಕ ಏನದ? ಎಲ್ಲಾ ಸುಟ್ಟಿದ್ದೇ ಬರ್ತದ." ಆ ಮಾತೇ ನನಗೆ ರೀಲ್ ಆಗಿ ಕಂಡಿತು.

ಮೂರು ಫೇಸಿನ, ಅಂದರೆ ಮೂರು ತಂತಿಯಲ್ಲಿ ಕರೆಂಟ್ ಬರುವ ಮೋಟಾರ್ ಅದು. ಬಿಚ್ಚುವಾಗ ಫೋನ್ ಹಿಡಿದೆ. ಹಾಡು ಹಾಕಲಿಲ್ಲ. ಚಾಚಾ ಕ್ಯಾಮೆರಾ ಕಡೆ ನೋಡಲೇ ಇಲ್ಲ, ಕಾಯಿಲಿನ ಜೊತೆ ಮಾತಾಡಿದ ಹಾಗೆ ಮಾತಾಡಿದರು: "ನೋಡ್ರಿ, ಎರಡು ಫೇಸ್ ಕರ್ರಗ ಆಗ್ಯಾವ, ಒಂದು ಹೊಸಾದು ಇದ್ದಂಗೇ ಅದ. ಒಂದು ಫೇಸ್ ಹೋಗ್ಯದ, ಮೋಟಾರ್ ಹಂಗೇ ಓಡ್ಯದ. ಲೋಡ್ ಎಲ್ಲಾ ಉಳಿದ ಎರಡರ ಮ್ಯಾಲ ಬಿದ್ದದ. ಸ್ಟಾರ್ಟರ್‌ದಾಗ ಪ್ರಿವೆಂಟರ್ ಹಾಕ್ಸಿದ್ರ ನನ್ನ ಕಡೀ ಬರೋದೇ ಇರ್ಲಿಲ್ಲ." (ಪ್ರಿವೆಂಟರ್ ಅಂದರೆ ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಸಾಧನ.) ನಲವತ್ತು ಸೆಕೆಂಡು. ಇದನ್ನೇ ದಖನಿಯಲ್ಲೂ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲೂ ಒಮ್ಮೆ ಹೇಳಿಸಿದೆ. ಊರಿನಲ್ಲಿ ಎರಡೂ ನಡೆಯುತ್ತದೆ ಅಲ್ವಾ.

ರೇಟು ಹೇಳಿಸುವುದು ಮಾತ್ರ ಹರಸಾಹಸ. ತಾಮ್ರದ ಬೆಲೆ ಏರಿಳಿಯುತ್ತದೆ, ಬಾಜೂದವರು ಜಗಳಕ್ಕೆ ಬರುತ್ತಾರೆ ಅಂತ ಹಿಂಜರಿದರು. ಕೊನೆಗೆ ಅಂಗಡಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 5 ಎಚ್‌ಪಿಗೆ ಎಷ್ಟು, 7.5 ಎಚ್‌ಪಿಗೆ ಎಷ್ಟು ಅಂತ ಬರೆದು, 'ಈ ವಾರದ ರೇಟು' ಅಂತ ಮೇಲೆ ಸೇರಿಸಿದೆವು. ರೇಟು ಬದಲಾದರೆ ಒರೆಸಿ ಬರೆದು ಸ್ಟೇಟಸ್ಸಿಗೆ ಹಾಕುತ್ತಾರೆ.

ಇನ್‌ಸ್ಟಾಗ್ರಾಂ ಲೆಕ್ಕದಲ್ಲಿ ಅದಕ್ಕೆ ಬಂದದ್ದು ಮೂರು ಸಾವಿರದ ಚಿಲ್ಲರೆ ವ್ಯೂಸ್. ನನ್ನ ಏಳು ಅಂಗಡಿಯಲ್ಲಿ ಅದೇ ಕಡಿಮೆ. ಆದರೆ ಹದಿನೈದು ದಿನದಲ್ಲಿ ಆಳಂದ, ಚಿಂಚೋಳಿ, ಸೇಡಂ ಕಡೆಯಿಂದ ಫೋನು. ಅಫಜಲಪುರದ ಭೀಮಾ ದಂಡೆಯ ರೈತರು ಟಂಟಂನಲ್ಲಿ ಮೋಟಾರ್ ಹಾಕಿಕೊಂಡೇ ಬಂದರು. ಎಲ್ಲಿ ನೋಡಿದ್ರಿ ಅಂದರೆ ಒಬ್ಬರೂ ಇನ್‌ಸ್ಟಾಗ್ರಾಂ ಹೆಸರು ಹೇಳಲಿಲ್ಲ. ಯಾರೋ ವಿಡಿಯೊ ಡೌನ್‌ಲೋಡ್ ಮಾಡಿ ವಾಟ್ಸಾಪಿಗೆ ಬಿಟ್ಟಿದ್ದಾರೆ, ಅದು ಊರ ಗುಂಪಿನಿಂದ ಊರ ಗುಂಪಿಗೆ ಹೋಗಿದೆ. ಹಾಗೆ ಹೋದದ್ದು ನನ್ನ ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಇನ್‌ಸ್ಟಾಗ್ರಾಂ ಲೆಕ್ಕ ತೋರಿಸುವ ಪುಟದಲ್ಲಿ, ಕಾಣುವುದೇ ಇಲ್ಲ. ಅಂದರೆ ನಾನು ಮಾಲಕರಿಗೆ ತೋರಿಸುವ ಸ್ಕ್ರೀನ್‌ಶಾಟಿನಲ್ಲಿ ನಿಜವಾದ ಗಿರಾಕಿ ಇಲ್ಲ.

ಅದಕ್ಕೆ ಚಾಚಾನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಬಂದವರನ್ನು ಹುಡುಗ ಕೇಳುತ್ತಾನೆ, ಬರೆಯುತ್ತಾನೆ. 'ಅಳಿಯ ಕಳ್ಸಿದ.' 'ಮೇಸ್ತ್ರಿ ಸ್ಟೇಟಸ್.' 'ಮಗಳ ಫೋನಿನಾಗ ನೋಡಿದೆ.' 'ಗೂಗಲ್ ಮ್ಯಾಪ್, ಆದ್ರ ಓಣಿ ತಪ್ಪು ತೋರಿಸ್ತದ.' ಇದನ್ನು ಓದಿದ ದಿನವೇ ಮ್ಯಾಪಿನ ಗುರುತು ಸರಿ ಮಾಡಿದೆ, ಐದು ನಿಮಿಷದ ಕೆಲಸ. ಇನ್ನೊಂದನ್ನೂ ಮಾಡಿದೆವು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಹಾಗಾಗಿ ರಿಪೇರಿಯಾದ ಪ್ರತಿ ಮೋಟಾರಿನ ಮೈಮೇಲೆ ಈಗ ಒಂದು ಸ್ಟಿಕ್ಕರ್: 'ಈ ನಂಬರ್ ಸೇವ್ ಮಾಡ್ಕೊಳ್ರಿ.' ಹೊಲದಲ್ಲಿ ಮೋಟಾರ್ ನಿಂತಾಗ ರೈತ ಮೊದಲು ನೋಡುವುದು ಮೋಟಾರನ್ನೇ.

ಎಐ ಪೋಸ್ಟರಿನ ಹುಚ್ಚಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಒಬ್ಬ ಮಾಲಕರು ತಾವೇ ಮಾಡಿದ ಶುಭಾಶಯ ಕಳಿಸಿದರು. ತೇರು ಚೆಂದ ಬಂದಿತ್ತು. ಒತ್ತಕ್ಷರಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ಹೋಗಿದ್ದವು.

ಮೊನ್ನೆ ಸೀರೆ ಅಂಗಡಿಯ ಸಾವ್ಕಾರ್ರ ಹತ್ತಿರ ಹೋಗಿದ್ದೆ. ಅವರದು ಪ್ರತಿ ಪೋಸ್ಟಿಗೂ 'ಬೆಲೆಗೆ ಡಿಎಂ ಮಾಡಿ', ಅಂದರೆ ಖಾಸಗಿ ಮೆಸೇಜ್ ಕಳಿಸಿ ಕೇಳಿ ಅಂತ. ಇಲಕಲ್ ಸೀರೆಯ ರೀಲಿಗೆ ನೂರಾ ಹತ್ತು ಕಮೆಂಟ್, ಅದರಲ್ಲಿ ತೊಂಬತ್ತು ಬರೀ 'ರೇಟ್ ಎಷ್ಟು' ಅಂತ. ಯಾರಿಗೂ ಉತ್ತರ ಹೋಗಿಲ್ಲ. ಬೆಲೆ ಹಾಕಿ ಅಂದರೆ, ಬೆಲೆ ನೋಡಿ ಜನ ಬರುವುದಿಲ್ಲ ಅನ್ನುತ್ತಾರೆ. ಬೆಲೆ ಕಾಣದೆ ಹೋದ ತೊಂಬತ್ತು ಜನರನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಚಾಚಾನ ನೋಟ್‌ಬುಕ್ಕಿನ ಫೋಟೊ ತೋರಿಸಿದೆ. ಕನ್ನಡಕ ಏರಿಸಿ, ಫೋಟೊ ದೊಡ್ಡದು ಮಾಡಿ, ಎರಡು ಪುಟ ಓದಿದರು.

"ಇದರಾಗ ವ್ಯೂಸ್ ಎಲ್ಲಿ ಬರ್ದೀರಿ ತಂಗೀ?"

ಇನ್ನೊಂದು ಕಪ್ ಚಹಾ ಆದ ಮೇಲೆ ಹತ್ತು ಸೀರೆಗೆ ಮಾತ್ರ ಬೆಲೆ ಹಾಕಲು ಒಪ್ಪಿದರು, ಅದೂ ಎರಡು ಸಾವಿರದ ಒಳಗಿನವುಗಳಿಗೆ. ಸೋಮವಾರ ಶೂಟಿಂಗು. ನೋಟ್‌ಬುಕ್ ನಾನೇ ಕೊಂಡು ಹೋಗಬೇಕಂತೆ.