ಕೆಮಿಸ್ಟ್ರಿ ಲ್ಯಾಬಿನ ಲವಣ ಸೇತುವೆ

ವಿದ್ಯುತ್ ರಸಾಯನಶಾಸ್ತ್ರ ಎಂದರೆ ಬರೀ ಸೂತ್ರ, ಲೆಕ್ಕ, ಪ್ಲಸ್ ಮೈನಸ್ ಗೊಂದಲ ಎಂದು ಹೆದರುವವರೇ ಜಾಸ್ತಿ. ನಮ್ಮ ತರಗತಿಗೆ ಆ ಹೆದರಿಕೆ ತಟ್ಟಲಿಲ್ಲ. ಅದಕ್ಕೆ ಕಾರಣ ನಮ್ಮ ಕೆಮಿಸ್ಟ್ರಿ ಮೇಡಂ. ಸತು ಮತ್ತು ತಾಮ್ರದಿಂದ ವಿದ್ಯುತ್ ಹುಟ್ಟಿಸುವ ಡೇನಿಯಲ್ ಕೋಶವನ್ನು ಅವರು ಮೊದಲು ನಮ್ಮ ಕೈಯಲ್ಲೇ ಕಟ್ಟಿಸಿದರು. ಬೋರ್ಡಿನ ಮೇಲೆ ಚಿತ್ರ ಬಂದದ್ದು ಆಮೇಲೆ.

ಒಂದು ಬೀಕರಿನಲ್ಲಿ ಜಿಂಕ್ ಸಲ್ಫೇಟ್ ದ್ರಾವಣ, ಅದರೊಳಗೆ ಸತುವಿನ ಪಟ್ಟಿ. ಇನ್ನೊಂದರಲ್ಲಿ ನೀಲಿ ಕಾಪರ್ ಸಲ್ಫೇಟ್, ಅದರೊಳಗೆ ತಾಮ್ರದ ಪಟ್ಟಿ. ಎರಡನ್ನೂ ವೈರಿನಿಂದ ವೋಲ್ಟ್‌ಮೀಟರಿಗೆ ಜೋಡಿಸಿದೆವು. ಮುಳ್ಳು ಅಲ್ಲಾಡಲಿಲ್ಲ. ಲವಣದ ದ್ರಾವಣ ತುಂಬಿದ ಯು ಆಕಾರದ ಗಾಜಿನ ಕೊಳವೆಯೇ ಲವಣ ಸೇತುವೆ. ಅದರ ಎರಡು ಕಾಲುಗಳನ್ನು ಎರಡು ಬೀಕರಿಗೆ ಇಳಿಸಿದ ಕೂಡಲೇ ಮುಳ್ಳು 1.1 ವೋಲ್ಟಿನ ಹತ್ತಿರ ಹೋಗಿ ನಿಂತಿತು. ಮೇಡಂ ಕೊಳವೆ ಎತ್ತಿದರು, ಮುಳ್ಳು ಸೊನ್ನೆಗೆ ಬಂತು. "ವೈರ್ ಹಾಗೇ ಇದೆಯಲ್ಲ, ಮತ್ಯಾಕೆ ನಿಂತುಹೋಯ್ತು?" ಎಂದು ಕೇಳಿ ನಮ್ಮ ಕಡೆ ನೋಡಿದರು.

ಎಲೆಕ್ಟ್ರಾನುಗಳು ಸೇತುವೆಯ ಮೂಲಕ ವಾಪಸ್ ಬರುತ್ತವೆ ಎಂದು ತುಂಬಾ ಜನ ಇವತ್ತಿಗೂ ನಂಬಿದ್ದಾರೆ. ಅದು ನಿಜವಲ್ಲ. ಎಲೆಕ್ಟ್ರಾನುಗಳ ದಾರಿ ವೈರ್ ಮಾತ್ರ. ಸೇತುವೆಯೊಳಗೆ ಓಡಾಡುವುದು ಅಯಾನುಗಳು, ಅಂದರೆ ಧನ ಅಥವಾ ಋಣ ಚಾರ್ಜ್ ಇರುವ ಕಣಗಳು.

ಸತುವಿನ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ. ಆ ಬೀಕರಿನಲ್ಲಿ ಧನ ಚಾರ್ಜ್ ಏರುತ್ತದೆ. ಅತ್ತ ತಾಮ್ರದ ಅಯಾನುಗಳು ಎಲೆಕ್ಟ್ರಾನ್ ಪಡೆದು ಪಟ್ಟಿಗೆ ಅಂಟುತ್ತವೆ, ಸಲ್ಫೇಟ್ ಮಾತ್ರ ಉಳಿದು ಋಣ ಚಾರ್ಜ್ ಏರುತ್ತದೆ. ಆ ಚಾರ್ಜ್ ಎಷ್ಟು ದೊಡ್ಡದು ಎಂಬುದನ್ನು ಮೇಡಂ ಲೆಕ್ಕ ಮಾಡಿ ತೋರಿಸಿದ್ದರು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ ಸತು ಕರಗಿದರೂ ಸುಮಾರು 0.003 ಕೂಲಂಬ್ ಚಾರ್ಜ್ ಹುಟ್ಟುತ್ತದೆ. ಅಷ್ಟೂ ಒಂದು ಬೀಕರಿನಲ್ಲೇ ಉಳಿಯಬೇಕಾದರೆ ಕೋಟಿಗಟ್ಟಲೆ ವೋಲ್ಟ್ ಬೇಕು. ಕೋಶದ ಕೈಯಲ್ಲಿರುವುದು 1.1 ವೋಲ್ಟ್. ಹಾಗಾಗಿ ಸೇತುವೆ ಇಲ್ಲದಿದ್ದರೆ ತೂಗಿ ನೋಡುವಷ್ಟು ಸತು ಕರಗುವ ಮಾತೇ ಇಲ್ಲ, ಕ್ರಿಯೆ ಶುರುವಾದಲ್ಲೇ ನಿಲ್ಲುತ್ತದೆ. ಸೇತುವೆ ಇದ್ದರೆ ಅದರ ಋಣ ಅಯಾನುಗಳು ಸತುವಿನ ಕಡೆಗೆ, ಧನ ಅಯಾನುಗಳು ತಾಮ್ರದ ಕಡೆಗೆ ಸರಿದು ಎರಡೂ ದ್ರಾವಣಗಳನ್ನು ತಟಸ್ಥವಾಗಿ ಇಡುತ್ತವೆ. ಇಷ್ಟು ಅರ್ಥವಾದ ದಿನ ನನಗೆ ಆದ ಖುಷಿ ಹೇಳತೀರದು.

ಹಾಗಾದರೆ ಎರಡೂ ದ್ರಾವಣಗಳನ್ನು ಒಂದೇ ಬೀಕರಿಗೆ ಸುರಿದರೆ ಆಗಲ್ವಾ? ಆಗ ತಾಮ್ರ ನೇರವಾಗಿ ಸತುವಿನ ಮೇಲೇ ಕೂರುತ್ತದೆ. ಎಲೆಕ್ಟ್ರಾನುಗಳಿಗೆ ವೈರಿನ ಹಂಗೇ ಇರುವುದಿಲ್ಲ. 1836ರಲ್ಲಿ ಜಾನ್ ಫ್ರೆಡರಿಕ್ ಡೇನಿಯಲ್ ಈ ಕೋಶ ಮಾಡಿದಾಗ ಎರಡು ದ್ರಾವಣಗಳ ನಡುವೆ ಎತ್ತಿನ ಅನ್ನನಾಳದ ಪೊರೆ ಇಟ್ಟಿದ್ದರು. ಆಮೇಲೆ ಸಣ್ಣ ರಂಧ್ರಗಳಿರುವ ಮಣ್ಣಿನ ಪಾತ್ರೆ ಬಂತು.

ಸೇತುವೆ ತಯಾರಿಸುವುದು ನನಗೆ ತುಂಬಾ ಇಷ್ಟದ ಕೆಲಸವಾಗಿತ್ತು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ಅಗರ್ (ತಣ್ಣಗಾದಾಗ ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು) ಪುಡಿ ಹಾಕಿ ತಿಳಿಯಾಗುವವರೆಗೆ ಕಾಯಿಸಬೇಕು. ಬಿಸಿ ಇರುವಾಗಲೇ ಕೊಳವೆಗೆ ತುಂಬಬೇಕು. ಒಳಗೆ ಗಾಳಿಗುಳ್ಳೆ ನಿಂತರೆ ಅಯಾನುಗಳ ದಾರಿ ಕಡಿದುಹೋಗುತ್ತದೆ. ತಣ್ಣಗಾದ ಮೇಲೆ ಅಗರ್ ಹೆಪ್ಪುಗಟ್ಟಿ ದ್ರಾವಣ ಹರಿದುಹೋಗದಂತೆ ತಡೆಯುತ್ತದೆ, ಅಯಾನುಗಳನ್ನು ಮಾತ್ರ ತಡೆಯುವುದಿಲ್ಲ.

ಈ ಲವಣವೇ ಯಾಕೆ? ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸರಿಯುತ್ತವೆ. ಒಂದು ಬಗೆಯ ಅಯಾನು ಮುಂದೆ ಓಡಿದರೆ ದ್ರಾವಣಗಳು ಸೇರುವ ಜಾಗದಲ್ಲೇ ಬೇಡದ ವೋಲ್ಟೇಜ್ ಹುಟ್ಟಿ ನಮ್ಮ ಅಳತೆ ಕೆಡುತ್ತದೆ. ಆದರೆ ಸಿಲ್ವರ್ ನೈಟ್ರೇಟ್ ಇರುವ ಕೋಶಕ್ಕೆ ಇದು ಸಲ್ಲದು. ಕ್ಲೋರೈಡ್ ತಗುಲಿದರೆ ಕರಗದ ಸಿಲ್ವರ್ ಕ್ಲೋರೈಡ್ ಬೆಳ್ಳಗೆ ಗಷ್ಟಾಗಿ ಕೂರುತ್ತದೆ. ಅಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಬಳಸಬೇಕು.

ಈಗ ನಾನು ನೀರು ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ನೀರು ಎಷ್ಟು ಆಮ್ಲೀಯ ಎಂದು ಅಳೆಯುವ ಪಿಎಚ್ ಮೀಟರಿನ ಎಲೆಕ್ಟ್ರೋಡಿನೊಳಗೂ (ನೀರಿಗೆ ಅದ್ದುವ ಕಡ್ಡಿ) ಅದೇ ಪೊಟ್ಯಾಸಿಯಂ ಕ್ಲೋರೈಡ್ ಇದೆ. ಹೊರಗಿನ ನೀರಿನೊಂದಿಗೆ ಅದನ್ನು ಸೇರಿಸುವುದು ತುದಿಯ ಹತ್ತಿರವಿರುವ ಸಣ್ಣ ರಂಧ್ರಗಳ ಪಿಂಗಾಣಿ ಬಿರಡೆ. ರೀಡಿಂಗ್ ಒಂದೇ ಕಡೆ ನಿಲ್ಲದಿದ್ದರೆ ಹೊಸದಾಗಿ ಸೇರಿದವರು ಮೀಟರನ್ನು ಬೈಯುತ್ತಾರೆ. ನಾನು ಮೊದಲು ಆ ಬಿರಡೆ ಕಟ್ಟಿಕೊಂಡಿದೆಯಾ ಎಂದು ನೋಡುತ್ತೇನೆ.