ಕಾಫಿ ಕುಯ್ಲಿನ ಕಾಲದಲ್ಲಿ ಹಳ್ಳದ ನೀರಿನ ಪರೀಕ್ಷೆ

ನಾನು ಕೆಲಸ ಮಾಡುವ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಉಸಿರಾಡಲು ಬಿಡುವಿಲ್ಲದ ಕಾಲವೆಂದರೆ ಡಿಸೆಂಬರ್‌ನಿಂದ ಫೆಬ್ರುವರಿ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಆಗ ಕಾಫಿ ಕುಯ್ಲು. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವವರಿಗೆ ನೀರಿನ ಗೊಡವೆಯಿಲ್ಲ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ತೆಗೆದು ತೆಳುಪೊರೆಯೊಂದಿಗೆ ಒಣಗಿಸುವ ಬೀಜ, ಮಾಡುವವರು ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆಯಬೇಕು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೇ ಆ ಮೂರು ತಿಂಗಳು ನಮ್ಮ ಅನ್ನ.

‘ಹಣ್ಣಿನ ರಸ ತಾನೇ ಸಾರ್, ವಿಷವೇನೂ ಅಲ್ಲವಲ್ಲ’ ಎನ್ನುತ್ತಾರೆ ತೋಟದವರು. ಮಾತು ಸುಳ್ಳಲ್ಲ, ಆದರೆ ತೊಂದರೆ ಇರುವುದೇ ಆ ರಸದಲ್ಲಿ. ಸಕ್ಕರೆ, ಲೋಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ತುಂಬಿದ ನೀರು ಹಳ್ಳ ಸೇರಿತೆಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅದನ್ನು ಅರಗಿಸಿಕೊಳ್ಳುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ನೀರಿನೊಳಗಿನ ಕೊಳೆ ಎಷ್ಟು ಆಮ್ಲಜನಕವನ್ನು ಬೇಡುತ್ತದೆ ಎಂಬುದರ ಲೆಕ್ಕವೇ ಬಿಒಡಿ. ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು ಇದನ್ನು ಅಳೆಯುತ್ತೇವೆ. ನದಿ, ಹಳ್ಳಗಳಿಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಸಂಸ್ಕರಿಸದ ಪಲ್ಪಿಂಗ್ ನೀರಿನ ಬಿಒಡಿ ಸಾವಿರಗಳ ಲೆಕ್ಕದಲ್ಲಿರುತ್ತದೆ. ಸಾಲದ್ದಕ್ಕೆ ಇದೆಲ್ಲ ನಡೆಯುವುದು ಮಳೆ ನಿಂತು ಹಳ್ಳಗಳು ಸೊರಗಿರುವ ತಿಂಗಳುಗಳಲ್ಲಿ.

ಪರೀಕ್ಷೆಯ ವಿಧಾನ ಪುಸ್ತಕದಲ್ಲಿದೆ, ಯಾರು ಬೇಕಾದರೂ ಕಲಿಯಬಹುದು. ವರದಿಯ ಅಂಕಿಯನ್ನು ಎಷ್ಟು ನಂಬಬೇಕು ಎಂಬುದನ್ನು ಮಾತ್ರ ತೋಟಗಳಲ್ಲಿ ತಿರುಗಿಯೇ ಕಲಿಯಬೇಕಾಯಿತು. ಹೊತ್ತಿನ ವಿಷಯವನ್ನೇ ನೋಡಿ. ಹಣ್ಣು ತೂಕವಾಗಿ ಪಲ್ಪರ್ ಮನೆಗೆ ಬರುವುದು ಸಂಜೆಗೆ; ಯಂತ್ರ ಓಡುವುದು ಕತ್ತಲಾದ ಮೇಲೆ. ಮಾದರಿ ತೆಗೆಯುವವರು ತಿಂಡಿ ಮುಗಿಸಿ ಹೊರಟು ಹನ್ನೊಂದು ಗಂಟೆಗೆ ಹಳ್ಳಕ್ಕಿಳಿದರೆ ರಾತ್ರಿಯ ನೀರು ಆಗಲೇ ಮುಂದಿನ ಊರು ದಾಟಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಸಾಂದ್ರತೆಯ ಲೆಕ್ಕ. ಒಂದು ತೋಟ ಖರ್ಚು ಮಾಡಿ ಹೊಸ ಮಾದರಿಯ ಪಲ್ಪರ್ ಹಾಕಿತು, ಅದೇ ನೀರನ್ನು ಮತ್ತೆ ಮತ್ತೆ ಬಳಸಿತು ಎನ್ನೋಣ. ದಿನಕ್ಕೆ ಹೊರಬಿದ್ದದ್ದು 10,000 ಲೀಟರ್, ಬಿಒಡಿ 6,000. ಪಕ್ಕದ ತೋಟ ಅಷ್ಟೇ ಹಣ್ಣಿಗೆ ಹಳ್ಳದಿಂದ ಧಾರಾಳವಾಗಿ ಪಂಪು ಹೊಡೆದು 40,000 ಲೀಟರ್ ಹರಿಸಿತು, ಬಿಒಡಿ 1,500. ಎರಡನೆಯ ವರದಿಯೇ ಚೆನ್ನಾಗಿ ಕಾಣುತ್ತದೆ. ಗುಣಿಸಿ ನೋಡಿದರೆ ಎರಡೂ ಕಡೆಯ ಹೊರೆ ದಿನಕ್ಕೆ 60 ಕಿಲೋ. ಎರಡನೆಯವರು ಬತ್ತುತ್ತಿರುವ ಹಳ್ಳದಿಂದ 30,000 ಲೀಟರ್ ಹೆಚ್ಚಿಗೆ ಎತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ನೀರು ಉಳಿಸಿದವರೇ ‘ನಮ್ಮ ಅಂಕಿ ಏಕೆ ಏರಿತು?’ ಎಂದು ಗಾಬರಿಯಿಂದ ಕೇಳುತ್ತಾರೆ. ಅದಕ್ಕೆಂದೇ ಈಗ ನನ್ನ ನಮೂನೆಯಲ್ಲಿ ದಿನದ ನೀರಿನ ಪ್ರಮಾಣಕ್ಕೆ ಒಂದು ಸಾಲು ಇದೆ. ಅದನ್ನು ಖಾಲಿ ಬಿಟ್ಟರೆ ನಾನು ಫೋನ್ ಮಾಡುತ್ತೇನೆ.

ಹಳ್ಳದ ಸ್ಥಿತಿ ತಿಳಿಯಬೇಕೆಂದರೆ ಪ್ಯಾಂಟು ಮಡಚಿ ನೀರಿಗಿಳಿದು ಕಲ್ಲು ಮಗುಚಬೇಕು. ಬಾಟಲಿಯಲ್ಲಿ ಸಿಗುವುದು ಆ ಗಳಿಗೆಯ ನೀರು. ಕಲ್ಲಿನಡಿಯ ಜೀವಿಗಳು ವಾರಗಟ್ಟಲೆ ಅಲ್ಲಿಯೇ ಬಾಳಿದವು, ನಾವು ಬರುವ ಸಮಯ ನೋಡಿ ಜಾಗ ಖಾಲಿ ಮಾಡುವವಲ್ಲ. ತೋಟದ ಮೇಲ್ಭಾಗದಲ್ಲಿ ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡ ಮೇಫ್ಲೈ ಎಂಬ ಕೀಟದ ಮರಿಗಳು, ಮರಳು ಕಣಗಳನ್ನು ಪೋಣಿಸಿ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳುಗಳು, ಸಣ್ಣ ಏಡಿಗಳು ಸಿಗುತ್ತವೆ. ಪಲ್ಪಿಂಗ್ ನೀರು ಸೇರುವ ಜಾಗದ ಕೆಳಗೆ ಕಲ್ಲಿನ ಮೇಲೆ ಬೂದುಬಣ್ಣದ ಲೋಳೆ, ಕೆಸರಿನಲ್ಲಿ ಕೆಂಪು ಹುಳುಗಳು. ಆ ಕೆಂಪು ಹಿಮೋಗ್ಲೋಬಿನ್‌ನದು. ಆಮ್ಲಜನಕ ಕಡಿಮೆಯಿದ್ದರೂ ಅವು ಬದುಕುವುದಕ್ಕೆ ಅದೂ ಒಂದು ಕಾರಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಳಸುವ ಜೈವಿಕ ಮೌಲ್ಯಮಾಪನದಲ್ಲಿ ಇಂಥ ಜೀವಿಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕಗಳಿವೆ. ಚೊಕ್ಕ ನೀರನ್ನೇ ಬಯಸುವ ಮೇಫ್ಲೈಗಳ ಹಲವು ಕುಟುಂಬಗಳಿಗೆ 10, ಕೆಂಪು ಹುಳುಗಳ ಕುಟುಂಬಕ್ಕೆ 2.

ಮೇಫ್ಲೈ, ಕ್ಯಾಡಿಸ್ ಹುಳು ಕಾಣಲಿಲ್ಲವೆಂದು ತಕ್ಷಣ ಪಲ್ಪರ್ ಮನೆಯತ್ತ ಬೆರಳು ತೋರಿಸುವುದೂ ಸರಿಯಲ್ಲ. ಮರಳು ತೆಗೆದ ಜಾಗದಲ್ಲಿಯೂ, ಔಷಧಿ ಡ್ರಮ್ಮು ತೊಳೆದ ಜಾಗದಲ್ಲಿಯೂ ಅವು ಇರುವುದಿಲ್ಲ. ಮೇಲೊಂದು ಕಡೆ, ಕೆಳಗೊಂದು ಕಡೆ ನೋಡಿ ಹೋಲಿಸಬೇಕು. ಈ ಸಣ್ಣ ಹಳ್ಳಗಳಲ್ಲಿ ಹಲವು ಹೇಮಾವತಿಯನ್ನು, ಅದರ ಮೂಲಕ ಕಾವೇರಿಯನ್ನು ಸೇರುತ್ತವೆ. ಮೀನಿನ ಮರಿಗಳಿಗೆ ಈ ಹುಳುಗಳೇ ಆಹಾರ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಸಿಪ್ಪೆಯನ್ನು ನೀರಿಗೆ ಬೆರೆಸದೆ ಗೊಬ್ಬರದ ಗುಂಡಿಗೆ ಹಾಕುವುದು, ನೀರಿಗೆ ಸುಣ್ಣ ಹಾಕಿ ಹುಳಿ ಕಳೆಯುವುದು, ಬಳಿಕ ಗಾಳಿಯಿಲ್ಲದ ತೊಟ್ಟಿ, ಅದಾದ ಮೇಲೆ ಗಾಳಿಯಾಡುವ ಹೊಂಡ. ನಾನು ಕಂಡಂತೆ ಸೋಲುವುದು ಗಾಳಿಯಿಲ್ಲದ ತೊಟ್ಟಿಯಲ್ಲಿ. ಕೊಳೆಯನ್ನು ಮೀಥೇನ್ ಅನಿಲವಾಗಿಸುವ ಸೂಕ್ಷ್ಮಜೀವಿಗಳಿಗೆ ಹುಳಿ ಆಗದು, ಅವು ನಿಧಾನವಾಗಿ ಬೆಳೆಯುವಂಥವು. ಕುಯ್ಲು ಮುಗಿದ ಮೇಲೆ ತೊಟ್ಟಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಆ ಸೂಕ್ಷ್ಮಜೀವಿಗಳನ್ನು ಮತ್ತೆ ತೊಟ್ಟಿಗೆ ಸೇರಿಸಲು ಸಗಣಿ ನೀರು ಹಾಕಬೇಕು; ಅದನ್ನು ಪಲ್ಪರ್ ಓಡಿಸುವ ದಿನವೇ ಸುರಿದರೆ ಅವು ಕೆಲಸಕ್ಕೆ ಸಜ್ಜಾಗುವಷ್ಟರಲ್ಲಿ ಅರ್ಧ ಕುಯ್ಲು ಮುಗಿದಿರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ತೊಟ್ಟಿ ಕಟ್ಟಿಸಿದವರಿಗೆ ನಾಲ್ಕು ಡ್ರಮ್ಮು ಸಗಣಿಯನ್ನು ಕೆಲವು ವಾರ ಮೊದಲು ಹಾಕಲು ನೆನಪಾಗುವುದಿಲ್ಲ!

ಹಾಗಾಗಿ ನವೆಂಬರ್ ಬಂದರೆ ಪರಿಚಯದ ರೈಟರ್‌ಗಳಿಗೆಲ್ಲ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರಿಗೆ) ಫೋನ್ ಮಾಡಿ ತೊಟ್ಟಿಗೆ ಸಗಣಿ ಬಿತ್ತೇ ಎಂದು ಕೇಳುತ್ತೇನೆ. ಇದಕ್ಕೆ ನಮ್ಮ ಪ್ರಯೋಗಾಲಯ ಶುಲ್ಕ ಹಾಕುವುದಿಲ್ಲ. ಹಾಕಿದರೆ ಫೋನ್ ಎತ್ತುವುದಿಲ್ಲ ಎಂದು ಒಬ್ಬರು ಆಗಲೇ ಹೇಳಿಬಿಟ್ಟಿದ್ದಾರೆ.