ಸೊಳ್ಳೆ ಹಿಂದೆ ಬಿದ್ದ ಹುಡುಗಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ ಅಕ್ಕನ ಮಗಳು ಈಗ ಹತ್ತನೇ ಕ್ಲಾಸು. ಅವಳ ಡೆಂಗಿ ಸೊಳ್ಳೆ ಪ್ರಾಜೆಕ್ಟಿಗೆ ಶಾಲೆಯಲ್ಲಿ ಮೊದಲ ಬಹುಮಾನ ಬಂತು. ಬಹುಮಾನ ಇರಲಿ, ನನಗೆ ಇಷ್ಟವಾಗಿದ್ದು ಅವಳು ಕೆಲಸ ಮಾಡಿದ ರೀತಿ. ಮಳೆಗಾಲ ಪೂರ್ತಿ ಟಾರ್ಚ್ ಹಿಡಿದು ಬಿಲ್ಡಿಂಗಿನ ಮನೆಮನೆಗೂ ಹೋಗಿದ್ದಾಳೆ. ಹೂಕುಂಡದ ತಟ್ಟೆ, ನೀರಿನ ಡ್ರಮ್ಮು, ಟೆರೇಸಿನ ಹಳೇ ಟೈರು, ಎಲ್ಲ ನೋಡಿ ಬರೆದುಕೊಂಡಿದ್ದಾಳೆ.

ಡೆಂಗಿ ಹರಡುವ ಈ ಈಡಿಸ್ ಸೊಳ್ಳೆಗೆ ಗಟಾರಕ್ಕಿಂತ ನಮ್ಮ ಮನೆಯ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗೋಕೆ 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನೋದು. ಸುಮ್ನೆ ಚೆಲ್ಲಿದರೆ ಸಾಲದು, ಪಾತ್ರೆ ತಿಕ್ಕಬೇಕು. ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ.

ಬಿಲ್ಡಿಂಗಿನವರ ಸೊಸೈಟಿ ಮೀಟಿಂಗಿನಲ್ಲಿ ಇದನ್ನೆಲ್ಲ ಮರಾಠಿಯಲ್ಲಿ ಹೇಳಿದಳು, ನಮ್ಮ ಕಡೆಯ ಅಜ್ಜಿಯರಿಗೆ ಕನ್ನಡದಲ್ಲಿ. ಪಾರ್ಕಿಂಗ್ ಜಗಳ ಬಿಟ್ಟು ಅಲ್ಲಿ ಬೇರೆ ಮಾತು ನಡೆದಿದ್ದೇ ದೊಡ್ಡದು!

1897ರಲ್ಲಿ ಇದೇ ಮುಂಬೈಯಲ್ಲಿ ವಿಜ್ಞಾನಿ ಹಾಫ್ಕಿನ್ ತಮ್ಮ ಪ್ಲೇಗ್ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡಿದ್ದರು. ಜನ ನಂಬಬೇಕಲ್ವಾ? ಇವಳೂ ಹಾಗೇ. ತಮ್ಮ ಮನೆ ಫ್ರಿಜ್ ಹಿಂದಿನ ಟ್ರೇಯಲ್ಲೇ ಸಿಕ್ಕ ಲಾರ್ವಾಗಳನ್ನು, ಅಂದ್ರೆ ಸೊಳ್ಳೆಯ ಮರಿಹುಳುಗಳನ್ನು, ಬಾಟಲಿಗೆ ಹಾಕಿ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದಳು. ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ.